ಶಸ್ತ್ರಕ್ರಿಯೆಯಾದ ಅಂಗವಿಕಲ ಬಾಲಕರ ಗೃಹಶುಶ್ರೂಷೆ

ಶಸ್ತ್ರವೈದ್ಯರ ಕೆಲಸವು ಕೆಲವು ತಾಸುಗಳಲ್ಲಿ ಮುಗಿಯುವದು; ಮನೆಯವರ ಕೆಲಸವು ಅನೇಕ ತಿಂಗಳು ನಡೆಯುವದು. ಹಾವೇರಿಯು 1997ರಲ್ಲಿ ಜಿಲ್ಲೆಯ ಮುಖ್ಯಸ್ಥಳವಾಯಿತಾದರೂ, ಎಲುಬಿನ ದೊಡ್ಡ ಶಸ್ತ್ರಕ್ರಿಯೆಗಾಗಿ ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಅನೇಕರು ಹುಬ್ಬಳ್ಳಿಗಾಗಲಿ ದಾವಣಗೆರೆಗಾಗಲಿ ಹೋಗುವರು. ರಾಣೆಬೆನ್ನೂರಿನಿಂದ ಹುಬ್ಬಳ್ಳಿಯು ಸುಮಾರು 100 ಕಿಲೋಮೀಟರು ದೂರ. ಮಗುವು ಮನೆಗೆ ಬಂದ ಮೇಲೆ ಏನನ್ನು ನೋಡಬೇಕು, ಯಾವಾಗ ತಡಮಾಡದೆ ಹೊರಡಬೇಕು ಎಂಬದನ್ನು ತಾಯಿತಂದೆಗಳೂ ಮನೆಯ ಅಕ್ಕಂದಿರೂ ಮೊದಲೇ ಅರಿತಿರತಕ್ಕದ್ದು.

ಉದಾಹರಣೆಗೆ ಸೆರೆಬ್ರಲ್ ಪಾಲ್ಸಿಯನ್ನು ತೆಗೆದುಕೊಳ್ಳೋಣ. ಎಳೆಯ ಮಿದುಳಿಗೆ ತಗಲಿದ ಪೆಟ್ಟಿನಿಂದ ಕೈಕಾಲುಗಳ ಸ್ನಾಯುಗಳು ಬಿಗಿಯುವವು. ಬಿಗಿತವು ಹೆಚ್ಚಾದರೆ ತೊಡೆಯ ಎಲುಬು ತನ್ನ ಕೀಲಿನಿಂದ ಮೆಲ್ಲಗೆ ಜಾರುವದು. ಅದನ್ನು ಸರಿಪಡಿಸಿದ ಬಳಿಕ ಕೆಲವರಿಗೆ ಎದೆಯ ಕೆಳಗಿನಿಂದ ಕಾಲಿನ ವರೆಗೆ ಪ್ಲಾಸ್ಟರು ಹಾಕುವರು. ಅದು ಕೆಲವು ವಾರ ಇರುವದು.

ಮೊದಲನೆಯ ಎಚ್ಚರಿಕೆಯು ಚರ್ಮದ್ದು. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಒತ್ತಡದಿಂದ ಹುಣ್ಣಾಗುವದು. ಆದ್ದರಿಂದ ವೈದ್ಯರು ಹೇಳಿದಂತೆ, ಸಾಮಾನ್ಯವಾಗಿ ಎರಡು ತಾಸಿಗೊಮ್ಮೆ, ಮಗ್ಗುಲು ಬದಲಿಸಬೇಕು. ಕಾಲುಗಳ ನಡುವೆ ಕೋಲಿದ್ದರೆ ಅದನ್ನು ಹಿಡಿದು ಎತ್ತಲಾಗದು. ತುರಿಕೆಯೆಂದು ಬಳೆ, ಹಣಿಗೆ, ಕಡ್ಡಿಗಳನ್ನು ಪ್ಲಾಸ್ಟರಿನೊಳಗೆ ತೂರಿಸಲೇಬಾರದು. ರೊಟ್ಟಿಯ ಚೂರು ಒಳಗೆ ಬಿದ್ದರೆ ಇರುವೆಗಳು ಬರುವವು. ಕಾಲ್ಬೆರಳುಗಳನ್ನು ದಿನಕ್ಕೆ ಹಲವು ಸಲ ನೋಡಬೇಕು. ಅವು ತಣ್ಣಗಾದರೆ, ನೀಲಿಗಟ್ಟಿದರೆ, ಬಾತರೆ, ಜ್ವರ ಬಂದರೆ, ಪ್ಲಾಸ್ಟರಿನಿಂದ ದುರ್ವಾಸನೆ ಬಂದರೆ, ಉಸಿರಾಟಕ್ಕೆ ತೊಂದರೆಯಾದರೆ ನಾಳೆಯ ವರೆಗೆ ಕಾಯದೆ ದವಾಖಾನೆಗೆ ಹೋಗಬೇಕು.

ಎರಡನೆಯದು ಉಸಿರಿನ ಮತ್ತು ಆಹಾರದ ವಿಷಯ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅದು ನಮಗೆ ಹೆಮ್ಮೆಯ ಮಾತು. ಆದರೆ ಶಸ್ತ್ರಕ್ರಿಯೆಯಾದ ಮಗುವಿನ ಬಳಿ ಮೆಣಸಿನಕಾಯಿಯ ಧೂಳು ಹಾರಬಾರದು. ದೃಷ್ಟಿ ತೆಗೆಯುವೆವೆಂದು ಕೆಂಡದಲ್ಲಿ ಮೆಣಸಿನಕಾಯಿ ಸುಡುವ ರೂಢಿಯನ್ನು ಮಗುವಿನ ಕೋಣೆಯಲ್ಲಿ ಬಿಡಲೇಬೇಕು. ಆ ಘಾಟಿನ ಕೆಮ್ಮು ಒಂದೊಂದೂ ಹೊಸ ನೋವಾಗುವದು. ತಲೆಯನ್ನು ಎತ್ತರಿಸಿ, ಸ್ವಲ್ಪ ಸ್ವಲ್ಪವಾಗಿ ಉಣಿಸಬೇಕು. ಮಲಗಿಕೊಂಡೇ ಇರುವದರಿಂದ ಮಲಬದ್ಧತೆಯಾಗುವದು ಸಹಜ. ನೀರು, ಮಜ್ಜಿಗೆ, ಹಣ್ಣು, ಪಲ್ಯಗಳು ಸಹಾಯಮಾಡುವವು. ಮೂರ್ಛೆಯ ಔಷಧವಿದ್ದರೆ ಅದನ್ನು ಒಂದು ಹೊತ್ತೂ ತಪ್ಪಿಸಕೂಡದು.

ಮೂರನೆಯದು ಮಾತನಾಡಲಾರದ ಮಗುವಿನ ನೋವು. ಅಳದ ಮಗುವಿಗೆ ನೋವಿಲ್ಲವೆಂದು ತಿಳಿಯುವದು ತಪ್ಪು. ಮುಖ ಗಂಟಿಕ್ಕುವದು, ಕಾಲು ಸೆಡೆಯುವದು, ಸಂತೈಸಿದರೂ ಸಮಾಧಾನವಾಗದಿರುವದು, ಎಂದಿಗಿಂತ ಸುಮ್ಮನಿರುವದು: ಇವೆಲ್ಲ ನೋವಿನ ಭಾಷೆಯೇ. ಇದನ್ನು ತಾಯಿಯಷ್ಟು ಬಲ್ಲವರಿಲ್ಲ. ಆದುದರಿಂದ ಆಕೆಯು ವೈದ್ಯರ ಮುಂದೆ ಸಂಕೋಚಪಡದೆ ಹೇಳಬೇಕು.

ಪ್ಲಾಸ್ಟರು ತೆಗೆದ ಮೇಲೆ ಎಲುಬುಗಳು ಬಲಗುಂದಿರುವವು. ಅವಸರದಿಂದ ಎಳೆದರೆ ಮುರಿಯಲೂಬಹುದು. ತೈಲ ಹಚ್ಚಿ ತಿಕ್ಕುವವರನ್ನು ಕರೆಯಿಸದೆ, ದವಾಖಾನೆಯವರು ಕಲಿಸಿದ ವ್ಯಾಯಾಮವನ್ನೇ ಮಾಡಿಸಬೇಕು.

ಕಡೆಯ ಮಾತು ಶಾಲೆಯದು. ಇನ್ನು ಈ ಮಗುವಿಗೆ ಓದೇತಕ್ಕೆ ಎಂದು ಬಂಧುಗಳು ಕೇಳುವದುಂಟು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು, ಪ್ರಮಾಣಿತ ವೈಕಲ್ಯವುಳ್ಳ 6ರಿಂದ 18 ವರ್ಷದ ಬಾಲಕರಿಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ತೀವ್ರ ವೈಕಲ್ಯವುಳ್ಳವರು ಮನೆಯಲ್ಲಿಯೇ ಶಿಕ್ಷಣ ಪಡೆಯುವ ಹಕ್ಕು 2012ರ ತಿದ್ದುಪಡಿಯಿಂದ ಬಂದಿದೆ. ಆದಕಾರಣ ಹೆಸರು ತೆಗೆಯಿಸದೆ ಮುಖ್ಯೋಪಾಧ್ಯಾಯರಿಗೆ ತಿಳಿಸಿರಿ. ಗೆಳತಿಯರು ವಾರಕ್ಕೊಮ್ಮೆ ಪಾಠ ಒಯ್ದು ಓದಿ ಹೇಳಲಿ. ತಾಯಿಗೂ ಒಂದು ರಾತ್ರಿಯ ಪೂರ್ಣ ನಿದ್ರೆ ದೊರೆಯುವಂತೆ ಮನೆಯವರು ಸರದಿ ಹಾಕಿಕೊಳ್ಳಲಿ. ದಣಿದ ಕೈಗಳಿಂದ ಒಳ್ಳೆಯ ಶುಶ್ರೂಷೆ ಬಹುದಿನ ನಡೆಯಲಾರದು.