ನಿದ್ರೆಯಲ್ಲಿ ದಣಿಯುವ ನರಗಳು

ಹರಿಹರದ ಹರಿಹರೇಶ್ವರ ದೇವಾಲಯದ ಮೂರ್ತಿಯಲ್ಲಿ ಅರ್ಧಭಾಗ ಹರ, ಅರ್ಧಭಾಗ ಹರಿ. ನಮ್ಮ ಇಚ್ಛೆಗೊಳಪಡದೆ ಹೃದಯವನ್ನೂ ರಕ್ತನಾಳಗಳನ್ನೂ ಆಳುವ ಸ್ವಾಯತ್ತ ನರಮಂಡಲವೂ ಹೀಗೆಯೇ ಎರಡು ಭಾಗಗಳುಳ್ಳದ್ದು. ಅನುವೇದನಾ ನರಗಳು ದೇಹವನ್ನು ದುಡಿಮೆಗೆ ಹುರಿಗೊಳಿಸುತ್ತವೆ. ಪರಾನುವೇದನಾ ನರಗಳು ವಿಶ್ರಾಂತಿಗೆ ಅಣಿಗೊಳಿಸುತ್ತವೆ. ಗಾಢನಿದ್ರೆಯಲ್ಲಿ ಎರಡನೆಯವುಗಳದೇ ಮೇಲುಗೈ; ನಾಡಿ ನಿಧಾನವಾಗಿ ರಕ್ತದ ಒತ್ತಡ ಇಳಿಯುತ್ತದೆ.

ಗೊರಕೆ ಹೊಡೆಯುವವರು ಸುಖನಿದ್ರೆಯಲ್ಲಿರುವರೆಂದು ಭಾವಿಸುವುದು ವಾಡಿಕೆ. ಆದರೆ ಕೆಲವರಲ್ಲಿ ಗೊರಕೆ ಥಟ್ಟನೆ ನಿಂತು, 10 ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷಕ್ಕೂ ಮೀರಿ ಉಸಿರಾಟವೇ ಇಲ್ಲದೆ, ಬಳಿಕ ದೊಡ್ಡ ಸದ್ದಿನೊಡನೆ ಮರಳುತ್ತದೆ. ಇದೇ ನಿದ್ರಾಶ್ವಾಸಸ್ತಂಭನ, ಅಂದರೆ ಸ್ಲೀಪ್ ಆಪ್ನಿಯ. ಇದರ ಮೂಲ ಭೌತಶಾಸ್ತ್ರಕ್ಕೆ ಸೇರಿದ್ದು. ಉಸಿರನ್ನೆಳೆದಾಗ ಗಂಟಲಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಮೆಯಾಗುತ್ತದೆ. ಎಚ್ಚರವಿದ್ದಾಗ ಸ್ನಾಯುಗಳು ಆ ಮೆತ್ತನೆಯ ನಾಳವನ್ನು ತೆರೆದಿಡುತ್ತವೆ. ನಿದ್ರೆಯಲ್ಲಿ ಅವು ಸಡಿಲಗೊಂಡು, ಸುತ್ತಲಿನ ಕೊಬ್ಬೂ ಒತ್ತಿದರೆ, ನೆಂದ ಕಾಗದದ ಕೊಳವೆಯಿಂದ ಎಳನೀರು ಹೀರಿದಾಗ ಆಗುವಂತೆ ನಾಳ ಚಪ್ಪಟೆಯಾಗುತ್ತದೆ.

ಆಗ ರಕ್ತದಲ್ಲಿನ ಆಮ್ಲಜನಕ ಇಳಿಯುತ್ತದೆ. ಕತ್ತಿನ ಧಮನಿ ಕವಲೊಡೆಯುವೆಡೆ, ಅಕ್ಕಿಕಾಳಿನಷ್ಟು ಗಾತ್ರದ ಕೆರಾಟಿಡ್ ಕಾಯವೆಂಬ ಅಂಗವೊಂದಿದೆ. ಅದು ಈ ಇಳಿತವನ್ನು ಗ್ರಹಿಸಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಅನುವೇದನಾ ನರಗಳು ಕೂಡಲೆ ಚುರುಕುಗೊಂಡು ರಕ್ತನಾಳಗಳನ್ನು ಬಿಗಿಯುತ್ತವೆ. ಉಸಿರು ಮರಳುವ ಹೊತ್ತಿಗೆ ರಕ್ತದ ಒತ್ತಡ ಜಿಗಿಯುತ್ತದೆ. ರೋಗ ತೀವ್ರವಾಗಿದ್ದರೆ ಇದು ಗಂಟೆಗೆ 30 ಬಾರಿ, ಇಲ್ಲವೆ ಇನ್ನೂ ಹೆಚ್ಚು.

ಹೊಟ್ಟೆಯ ಬೊಜ್ಜು, ಏರಿದ ರಕ್ತದೊತ್ತಡ, ಏರಿದ ಸಕ್ಕರೆ, ಏರಿದ ಟ್ರೈಗ್ಲಿಸರೈಡ್, ಕುಗ್ಗಿದ ಒಳ್ಳೆಯ ಕೊಲೆಸ್ಟರಾಲ್: ಈ ಐದರಲ್ಲಿ ಮೂರು ಕೂಡಿದರೆ ಚಯಾಪಚಯ ಲಕ್ಷಣಕೂಟ. ಭಾರತೀಯರಲ್ಲಿ ಸೊಂಟದ ಸುತ್ತಳತೆಗೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. (ದಾವಣಗೆರೆಯ ಬೆಣ್ಣೆದೋಸೆಯನ್ನು ದೂರುವ ಉದ್ದೇಶ ನನ್ನದಲ್ಲ, ಲೆಕ್ಕವಿಟ್ಟು ತಿನ್ನುವವರು ಮಾತ್ರ ವಿರಳ.) ಇಂಥವರಲ್ಲಿ ಅನುವೇದನಾ ನರಗಳು ಮೊದಲೇ ಬಿರುಸು. ಬ್ರೆಜಿಲ್ ದೇಶದ ಸಂಶೋಧಕರು ಕಾಲಿನ ನರಕ್ಕೆ ಸೂಕ್ಷ್ಮವಾದ ಸೂಜಿವಿದ್ಯುದ್ವಾರವನ್ನು ಚುಚ್ಚಿ ಅಳೆದು, 2010ರಲ್ಲಿ ಪ್ರಕಟಿಸಿದ ಫಲಿತಾಂಶ ಗಮನಾರ್ಹ: ಲಕ್ಷಣಕೂಟದೊಡನೆ ಶ್ವಾಸಸ್ತಂಭನವೂ ಇದ್ದವರಲ್ಲಿ ನರಗಳ ಮಿಡಿತ, ಲಕ್ಷಣಕೂಟವೊಂದೇ ಇದ್ದವರಿಗಿಂತ ಹೆಚ್ಚು. ಅಳೆದದ್ದು ಎಚ್ಚರದಲ್ಲಿ! ರಾತ್ರಿಯ ಗಲಭೆ ಹಗಲಿಗೂ ಹರಿದಿತ್ತು. ಈ ಬಿರುಸು ಇನ್ಸುಲಿನ್ನಿನ ಕೆಲಸವನ್ನೂ ಕೆಡಿಸುವುದರಿಂದ ಮೂಲರೋಗ ಮತ್ತಷ್ಟು ಬಲಿಯುತ್ತದೆ.

ರಾತ್ರಿಯಿಡೀ ಪದೇ ಪದೇ ಅರೆಯೆಚ್ಚರಗೊಂಡವನು ಹಗಲು ತೂಕಡಿಸುತ್ತಾನೆ. ಹರಿಹರ, ದಾವಣಗೆರೆಗಳನ್ನು ಹಾದುಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿ ನಡೆಸುವವನು ಹಾಗೆ ತೂಕಡಿಸಿದರೆ ಅಪಾಯ ಅವನೊಬ್ಬನದಲ್ಲ. ರೋಗಿಗೆ ತನ್ನ ಉಸಿರು ನಿಲ್ಲುವುದು ಸಾಮಾನ್ಯವಾಗಿ ತಿಳಿಯದು. ಪಕ್ಕದಲ್ಲಿ ಮಲಗಿದವರೇ ಕಂಡು ವೈದ್ಯರಿಗೆ ಹೇಳಬೇಕು.

ತೂಕವನ್ನಿಳಿಸುವುದು ಒಂದು ಪರಿಹಾರ. ಇನ್ನೊಂದನ್ನು ಆಸ್ಟ್ರೇಲಿಯದ ಕಾಲಿನ್ ಸಲಿವನ್ 1981ರಲ್ಲಿ ತಿಳಿಸಿದರು: ಮೂಗಿನ ಮುಸುಕಿನ ಮೂಲಕ ಗಾಳಿಯನ್ನು ಒತ್ತಿ ನಾಳವನ್ನು ತೆರೆದಿಡುವುದು. ಅನೇಕರಿಗೆ 10 ಸೆಂಟಿಮೀಟರ್ ನೀರಿನ ಕಂಬದಷ್ಟು, ಅಂದರೆ ವಾಯುಮಂಡಲದ ಒತ್ತಡದ ಸುಮಾರು ನೂರರಲ್ಲೊಂದು ಪಾಲು ಸಾಕು. ತಿಂಗಳುಗಟ್ಟಲೆ ತಪ್ಪದೆ ಬಳಸಿದವರಲ್ಲಿ ಹಗಲಿನ ನರಮಿಡಿತವೂ ತಗ್ಗಿದೆ.