ಬೆಳ್ಳಿತೆರೆಯ ಮೇಲೆ ಬೇರೊಂದು ಸಮರ

ಹತ್ತೊಂಬತ್ತು ವರುಷದ ತರುಣ ಸೈನಿಕ. ಮೀಸೆ ಇನ್ನೂ ಚಿಗುರಿಲ್ಲ. ಮೈಮೇಲೆ ಬಂದ ಎರಡು ಶತ್ರು ಟ್ಯಾಂಕುಗಳನ್ನು ಒಬ್ಬನೇ ಹಾಳುಗೆಡವಿದ್ದಾನೆ. ಮೆಚ್ಚಿದ ಸೇನಾಪತಿ ಪದಕ ಕೊಡಿಸುವೆನೆನ್ನುತ್ತಾನೆ. ಹುಡುಗ ಅಂಜುತ್ತಲೇ ಬೇಡುವುದು ಬೇರೆಯೇ ವರ. ಪದಕ ಬೇಡ, ಊರಿಗೆ ಹೋಗಿಬರಲು ರಜೆ ಬೇಕು. ಮನೆಯ ಸೂರು ಸೋರುತ್ತಿದೆಯೆಂದು ತಾಯಿ ಕಾಗದ ಬರೆದಿದ್ದಾಳೆ! ಹೋಗಲು ಎರಡು ದಿನ, ಬರಲು ಎರಡು ದಿನ, ಸೂರಿನ ದುರಸ್ತಿಗೆ ಎರಡು ದಿನ – ಹೀಗೆ ಆರು ದಿನಗಳ ರಜೆ ಅವನಿಗೆ ದೊರೆಯುತ್ತದೆ.

ಸೋವಿಯತ್ ನಿರ್ದೇಶಕ ಗ್ರಿಗೊರಿ ಚುಖ್ರಾಯ್ 1959ರಲ್ಲಿ ತಯಾರಿಸಿದ ‘ಸೈನಿಕನ ಲಾವಣಿ’ ಎಂಬ ಚಲಚ್ಚಿತ್ರದ ಆರಂಭ ಇದು. ಚುಖ್ರಾಯ್ ಸ್ವತಃ ಆ ಮಹಾಯುದ್ಧದಲ್ಲಿ ಕಾದಿ ಗಾಯಗೊಂಡವನು. ಆದರೂ ಮುಂದೆ ಚಿತ್ರದಲ್ಲಿ ಕಾಳಗವೆಂಬುದು ಇಲ್ಲವೆಂದೇ ಹೇಳಬೇಕು. ಇರುವುದು ರೈಲು ಪ್ರಯಾಣ. ಒಂದು ಕಾಲು ಕಳೆದುಕೊಂಡ ಸೈನಿಕ ಹೆಂಡತಿಗೆ ಮುಖ ತೋರಿಸಲು ಅಂಜುತ್ತಾನೆ. ಅವನನ್ನು ಒಪ್ಪಿಸಿ ಕರೆದೊಯ್ಯುವುದರಲ್ಲಿ ಹುಡುಗನ ರಜೆ ಕರಗುತ್ತದೆ. ರಣರಂಗದ ಗೆಳೆಯನೊಬ್ಬ ಮಡದಿಗೆಂದು ಕಳಿಸಿದ ಸಾಬೂನಿನ ಕಟ್ಟು ಅವನ ಕೈಯಲ್ಲಿದೆ. ಕೊಡಲು ಹೋದರೆ ಆ ಮನೆಯಲ್ಲಿ ಬೇರೊಬ್ಬ ಗಂಡಸು! ಹುಡುಗ ಕೊಟ್ಟ ಸಾಬೂನನ್ನು ಮರಳಿ ಕಿತ್ತುಕೊಂಡು ಗೆಳೆಯನ ವೃದ್ಧ ತಂದೆಗೆ ಒಪ್ಪಿಸುತ್ತಾನೆ. ಕೊನೆಗೆ ಊರು ಸೇರುವ ವೇಳೆಗೆ ತಾಯಿಯನ್ನು ಅಪ್ಪಿಕೊಳ್ಳುವಷ್ಟು ಹೊತ್ತು ಮಾತ್ರ ಉಳಿದಿದೆ. ಸೂರು ಹಾಗೆಯೇ ಉಳಿಯುತ್ತದೆ. ಅವನು ಮರಳಿ ಬಾರನೆಂಬುದು ನೋಡುವವರಿಗೆ ಮೊದಲ ದೃಶ್ಯದಿಂದಲೇ ತಿಳಿದಿರುತ್ತದೆ.

ಸಮರಚಿತ್ರವೆಂದೊಡನೆ ನಮ್ಮ ಚಿತ್ರರಸಿಕರ ಕಣ್ಣಮುಂದೆ ಸುಳಿಯುವುದು ಹಾಲಿವುಡ್ಡಿನ ವೈಭವ. 1944ರ ಜೂನ್ 6ರಂದು ನಾರ್ಮಂಡಿಯ ಕರಾವಳಿಯಲ್ಲಿ ನಡೆದ ದಾಳಿಯನ್ನು ‘ದಿ ಲಾಂಗೆಸ್ಟ್ ಡೇ’ ಚಿತ್ರ 1962ರಲ್ಲಿ ತೆರೆಗೆ ತಂದಾಗ ಅದರಲ್ಲಿ ಹಡಗುಗಳೆಷ್ಟು, ವಿಮಾನಗಳೆಷ್ಟು, ಹೆಸರಾಂತ ನಟರೆಷ್ಟು! ಹಾಲಿವುಡ್ ಯುದ್ಧದ ದುಃಖವನ್ನು ಕಾಣಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 1930ರಷ್ಟು ಹಿಂದೆಯೇ ‘ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್’ ಬಂದದ್ದು ಅಲ್ಲಿಂದಲೇ. ಆದರೆ ತನ್ನ ನೆಲದ ಮೇಲೆ ಶತ್ರುಸೈನ್ಯ ನಡೆದುಹೋಗದ ನಾಡಿನ ಚಿತ್ರಕ್ಕೂ, ಬಾಂಬು ತನ್ನ ಅಡಿಗೆಮನೆಯ ಮೇಲೆಯೇ ಬಿದ್ದ ನಾಡಿನ ಚಿತ್ರಕ್ಕೂ ಅಂತರವಿರಲೇಬೇಕಲ್ಲವೆ?

ಈ ಅಂತರವನ್ನು ಕಣ್ಣಾರೆ ಕಾಣಲು ಬೆಂಗಳೂರಿನ ಗೋವಿಂದರಾಜನಗರದವರು ಬಹುದೂರ ಹೋಗಬೇಕಾಗಿರಲಿಲ್ಲ. ನೆರೆಯ ರಾಜಾಜಿನಗರದ ಓರಿಯನ್ ಮಾಲ್‌ನಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಹಲವು ವರ್ಷ ನಡೆದಿದೆ. ಹೆಸರನ್ನು ಉಚ್ಚರಿಸಲು ನಾಲಗೆ ತೊಡರುವ ದೇಶಗಳ ಚಿತ್ರಗಳನ್ನು ನೋಡಲು ಸಾಲುಗಟ್ಟಿ ನಿಲ್ಲುವವರು ಪಶ್ಚಿಮದ ಬಡಾವಣೆಗಳಲ್ಲಿ ಕಡಮೆಯಿಲ್ಲ.

ಅಂಥ ದೇಶಗಳಲ್ಲೊಂದಾದ ಬೋಸ್ನಿಯಾದ ಹೆಸರು ಭಾರತೀಯರ ಕಿವಿಗೆ ತುಸು ಕಹಿಯಾಗಿಯೇ ಬಿದ್ದದ್ದುಂಟು. 2002ರಲ್ಲಿ ನಮ್ಮ ‘ಲಗಾನ್’ ಆಸ್ಕರ್ ಅಂಗಳದಿಂದ ಬರಿಗೈಯಲ್ಲಿ ಮರಳಿತು. ಬಹುಮಾನ ಡಾನಿಸ್ ತಾನೊವಿಚ್‌ನ ‘ನೋ ಮ್ಯಾನ್ಸ್ ಲ್ಯಾಂಡ್’ ಚಿತ್ರದ ಪಾಲಾಯಿತು. ನಿರಾಸೆಯ ಭರದಲ್ಲಿ ಆ ಚಿತ್ರವನ್ನು ನೋಡುವ ಗೋಜಿಗೆ ಹೋದವರು ಕೆಲವರೇ. ಎರಡು ಸೈನ್ಯಗಳ ನಡುವಣ ಕಂದಕದಲ್ಲಿ ಬೋಸ್ನಿಯಾದವನೂ ಸರ್ಬಿಯಾದವನೂ ಸಿಕ್ಕಿಬಿದ್ದಿದ್ದಾರೆ. ಮೂರನೆಯವನೊಬ್ಬ ನೆಲಬಾಂಬಿನ ಮೇಲೆ ಮಲಗಿದ್ದಾನೆ; ಮಿಸುಕಿದರೆ ಸಿಡಿಯುತ್ತದೆ. ವಿಶ್ವಸಂಸ್ಥೆಯವರು ಬರುತ್ತಾರೆ, ಪತ್ರಿಕೆಯವರು ಕ್ಯಾಮೆರಾ ಹೊತ್ತು ಬರುತ್ತಾರೆ, ಎಲ್ಲರೂ ಹೋಗುತ್ತಾರೆ. ಅವನು ಮಲಗಿಯೇ ಇರುತ್ತಾನೆ. ‘ಲಗಾನ್’ ಮೇಲೋ ಇದು ಮೇಲೋ ಎಂಬ ತರ್ಕ ಇಲ್ಲಿ ಬೇಡ. ಆದರೆ ಸೋಲಿಸಿದ ಚಿತ್ರ ಸಾಮಾನ್ಯದ್ದಲ್ಲವೆಂಬುದರಲ್ಲಿ ಸಂದೇಹವಿಲ್ಲ.

ಒಂದೇ ಒಂದು ಗುಂಡೂ ಹಾರದ ಸಮರಚಿತ್ರವಿರಲು ಸಾಧ್ಯವೆ? ಸಾಧ್ಯವೆಂದು ತೋರಿಸಿದವರು ಭಾರತೀಯರೇ ಆದ ಸತ್ಯಜಿತ್ ರಾಯ್. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿಯನ್ನು ಆಧರಿಸಿದ ‘ಅಶನಿ ಸಂಕೇತ’ 1973ರಲ್ಲಿ ಬರ್ಲಿನ್ ಉತ್ಸವದ ಸ್ವರ್ಣ ಕರಡಿಯನ್ನು ಗಳಿಸಿತು. ಬಂಗಾಳದ ಹಚ್ಚಹಸುರಿನ ಹಳ್ಳಿ. ಆಕಾಶದಲ್ಲಿ ವಿಮಾನಗಳು ಹಕ್ಕಿಗಳ ಸಾಲಿನಂತೆ ಹಾರಿಹೋಗುತ್ತವೆ. ಹೆಂಗಸರು ತಲೆಯೆತ್ತಿ ಬೆರಗಿನಿಂದ ನೋಡುತ್ತಾರೆ. ಯಾವುದೋ ದೂರದ ಊರು ಜಪಾನೀಯರ ಕೈಸೇರಿತೆಂಬ ಸುದ್ದಿ ಬರುತ್ತದೆ. ಆ ಊರು ಎಲ್ಲಿದೆಯೆಂಬುದು ಹಳ್ಳಿಯ ಪುರೋಹಿತನಿಗೂ ಸರಿಯಾಗಿ ತಿಳಿಯದು. ಅಷ್ಟರಲ್ಲಿ ಅಕ್ಕಿಯ ಬೆಲೆ ಏರುತ್ತದೆ, ಮತ್ತೆ ಏರುತ್ತದೆ, ಬಳಿಕ ಅಕ್ಕಿಯೇ ಮಾಯವಾಗುತ್ತದೆ. ಹಿಡಿ ಅಕ್ಕಿಗಾಗಿ ಹೆಣ್ಣೊಬ್ಬಳು ಮಾನವನ್ನು ಮಾರಬೇಕಾಗುತ್ತದೆ. 1943ರ ಆ ಕ್ಷಾಮದಲ್ಲಿ ಸತ್ತವರು ಐವತ್ತು ಲಕ್ಷಕ್ಕೂ ಹೆಚ್ಚೆಂದು ಚಿತ್ರದ ಕೊನೆಯ ಬರಹ ತಿಳಿಸುತ್ತದೆ. ಬಂಗಾಳದ ಹಸುರನ್ನು ರಾಯ್ ಬಣ್ಣದಲ್ಲಿ ಅಷ್ಟೊಂದು ಸೊಗಸಾಗಿ ತೋರಿಸಿದುದೇಕೆಂದು ಅಂದು ಆಕ್ಷೇಪಿಸಿದವರಿದ್ದರು. ಆದರೆ ಗದ್ದೆ ಒಣಗಿ ಬಂದ ಬರವಲ್ಲ ಅದು; ಹಸುರಿನ ನಡುವೆಯೇ ಮನುಷ್ಯರು ಸತ್ತರು. ಆ ಬಣ್ಣಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

ಬಂಗಾಳದ ಅಕ್ಕಿಯನ್ನು ನುಂಗಿದ ಆ ಯುದ್ಧದ ರಣರಂಗ ನೆರೆಯ ಬರ್ಮಾ. ಅಲ್ಲಿ ಸೋತವರ ಕಥೆಯನ್ನು ಜಪಾನಿನ ಕೊನ್ ಇಚಿಕಾವಾ 1956ರಲ್ಲಿ ‘ಬರ್ಮಾದ ವೀಣೆ’ಯಾಗಿ ಹೇಳಿದ. ಸಂಗೀತಪ್ರಿಯನಾದ ದಳಪತಿಯ ಕೈಕೆಳಗಿನ ಜಪಾನೀ ಸೈನಿಕರು ಹಾಡುತ್ತಾರೆ. ಸುತ್ತುವರಿದ ಬ್ರಿಟಿಷ್ ಸೈನಿಕರೂ ಕತ್ತಲಿನಿಂದ ಅದೇ ರಾಗಕ್ಕೆ ದನಿಗೂಡಿಸುತ್ತಾರೆ. ಯುದ್ಧ ಆಗಲೇ ಮುಗಿದಿದೆ! ವಾದ್ಯ ನುಡಿಸುತ್ತಿದ್ದ ಮಿಜುಶಿಮಾ ಮಾತ್ರ ಊರಿಗೆ ಮರಳುವುದಿಲ್ಲ. ಜೀವ ಉಳಿಸಿಕೊಳ್ಳಲೆಂದು ತೊಟ್ಟ ಭಿಕ್ಷುವಿನ ಕಾವಿ ಅವನ ಮೈಗಂಟಿಬಿಡುತ್ತದೆ. ದಿಕ್ಕಿಲ್ಲದೆ ಬಿದ್ದ ಹೆಣಗಳನ್ನು ಮಣ್ಣುಮಾಡುತ್ತ ಅಲ್ಲಿಯೇ ಉಳಿಯುತ್ತಾನೆ.

ಆ ಜಪಾನೀಯರ ಎದುರು ನಿಂತವರಲ್ಲಿ ನಮ್ಮವರೂ ಇದ್ದರು. ಮಡಿಕೇರಿಯ ಕೆ. ಎಸ್. ತಿಮ್ಮಯ್ಯನವರು ಬರ್ಮಾದ ಅರಕಾನ್ ಪ್ರದೇಶದಲ್ಲಿ ಬ್ರಿಗೇಡೊಂದನ್ನು ನಡೆಸಿದರು. 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ಮನೆಮನೆಯಿಂದ ಸೈನ್ಯಕ್ಕೆ ಮಕ್ಕಳನ್ನು ಕಳಿಸುವ ಕೊಡಗಿನಿಂದಲೇ ಕನ್ನಡದ ಸಮರಚಿತ್ರದ ನಾಯಕನೂ ಬಂದದ್ದು ಸಹಜವಾಗಿದೆ.

1990ರ ‘ಮುತ್ತಿನ ಹಾರ’ವನ್ನು ನಿರ್ದೇಶಿಸಿದವರು ಎಸ್. ವಿ. ರಾಜೇಂದ್ರಸಿಂಗ್ ಬಾಬು, ಮಹಾತ್ಮ ಪಿಕ್ಚರ್ಸ್‌ನ ಡಿ. ಶಂಕರ್‌ಸಿಂಗ್ ಮತ್ತು ನಟಿ ಪ್ರತಿಮಾದೇವಿಯವರ ಸುಪುತ್ರರು. ಕೊಡವ ಯೋಧ ಅಚ್ಚಪ್ಪನಾಗಿ ವಿಷ್ಣುವರ್ಧನ್, ಸೈನ್ಯದ ದಾದಿ ಅನ್ನಪೂರ್ಣೆಯಾಗಿ ಸುಹಾಸಿನಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೊದಲಾದ ಕಥೆ 1962ರ ಚೀನಾ ಯುದ್ಧದ ಹಿಮದವರೆಗೆ ಸಾಗುತ್ತದೆ. ಸೇನೆಯ ಕರೆ ಬಂದಾಗಲೆಲ್ಲ ಸಂಸಾರ ಅರ್ಧಕ್ಕೆ ನಿಲ್ಲುತ್ತದೆ. ಹೆತ್ತ ಮಗನನ್ನೂ ಆ ದಂಪತಿ ಕಳೆದುಕೊಳ್ಳುತ್ತಾರೆ. ಹಂಸಲೇಖರ ಸಂಗೀತದಲ್ಲಿ ಎಂ. ಬಾಲಮುರಳೀಕೃಷ್ಣರು ಹಾಡಿದ ಗೀತೆಯನ್ನು ಕನ್ನಡಿಗರು ಇಂದಿಗೂ ಗುನುಗುತ್ತಾರೆ. ಅದು ಶೌರ್ಯದ ಹಾಡಲ್ಲ, ದಾಂಪತ್ಯದ ಹಾಡು. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಚಿತ್ರಕ್ಕೆ ಸಂದಿತು.

ಚಿತ್ರದಲ್ಲಿ ಕಣ್ಣೀರು ತುಸು ಧಾರಾಳವಾಗಿಯೇ ಹರಿಯುತ್ತದೆ. ಶತ್ರುವಿನ ಮನೆಯ ಬಾಗಿಲನ್ನು ಅದು ತಟ್ಟುವುದಿಲ್ಲ. ಇಚಿಕಾವಾ ಕತ್ತಲಿನಲ್ಲಿ ಕೇಳಿಸಿದ ಎದುರು ಪಕ್ಷದ ಹಾಡು ಇಲ್ಲಿ ಕೇಳಿಸದು. ಆದರೆ ನಾಯಕಿಯನ್ನು ಊರಿನ ಜಗಲಿಯ ಮೇಲೆ ದಾರಿ ಕಾಯುತ್ತ ಕೂರಿಸದೆ, ಗಾಯಾಳುಗಳ ನಡುವೆ ನಿಲ್ಲಿಸಿದ್ದು ನಿರ್ದೇಶಕರ ದೊಡ್ಡ ಗುಣ. ರಕ್ತ ಒರೆಸುವ ಕೈಯೂ ತಾಳಿ ಕಟ್ಟಿಸಿಕೊಂಡ ಹೆಣ್ಣಿನದೇ ಆದಾಗ, ಯುದ್ಧ ಎಲ್ಲಿ ಮುಗಿದು ಮನೆ ಎಲ್ಲಿ ಮೊದಲಾಗುತ್ತದೆಂದು ಗೆರೆ ಎಳೆಯಲಾಗದು. ಕಾರ್ಗಿಲ್ ಕದನದ ಬಳಿಕ, 2002ರಲ್ಲಿ, ಮಹೇಶ್ ಸುಖಧರೆಯವರ ‘ಸೈನಿಕ’ ಬಂದಿತಾದರೂ ಅನ್ನಪೂರ್ಣೆಗೆ ಸರಿಸಾಟಿಯಾದ ಪಾತ್ರ ಕನ್ನಡದ ಸಮರಚಿತ್ರಗಳಲ್ಲಿ ಮತ್ತೆ ಮೂಡಲಿಲ್ಲ.

ಕಥೆಗಳಿಗೇನೋ ಕೊರತೆಯಿಲ್ಲ. 1949ರ ಜನವರಿ 15ರಂದು ಭಾರತೀಯ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದ ಕೆ. ಎಂ. ಕಾರ್ಯಪ್ಪನವರು ನಿವೃತ್ತರಾಗಿ ಮಡಿಕೇರಿಯಲ್ಲಿದ್ದರು. 1965ರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಅವರ ಮಗನ ವಿಮಾನವನ್ನು ಶತ್ರುಗಳು ಹೊಡೆದುರುಳಿಸಿದರು; ಮಗ ಪಾಕಿಸ್ತಾನದ ಸೆರೆಯಾದರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಒಂದು ಕಾಲಕ್ಕೆ ಇದೇ ಕಾರ್ಯಪ್ಪನವರ ಕೈಕೆಳಗೆ ಸೇವೆ ಸಲ್ಲಿಸಿದವರು. ಹಳೆಯ ದಂಡನಾಯಕನ ಮಗನೆಂದು ತಿಳಿದು ನೆರವು ನೀಡಲು ಮುಂದಾದರು. ತಮ್ಮ ಮಗನಿಗೆ ಬೇರೆಯಾದ ಉಪಚಾರ ಬೇಡ, ಸೆರೆಯಲ್ಲಿರುವ ಇತರ ಭಾರತೀಯರನ್ನು ಕಂಡಂತೆಯೇ ಕಾಣಲಿ ಎಂದುಬಿಟ್ಟರು ಕಾರ್ಯಪ್ಪನವರು. ಮಗ ಮನೆಗೆ ಮರಳಿದ್ದು ಉಳಿದ ಸೆರೆಯಾಳುಗಳೊಡನೆಯೇ. ಆ ತಿಂಗಳುಗಳನ್ನು ಮಡಿಕೇರಿಯ ಆ ಮನೆ ಹೇಗೆ ಕಳೆದಿರಬಹುದೆಂಬುದನ್ನು ಯಾವ ಕ್ಯಾಮೆರಾವೂ ಇನ್ನೂ ಒಳಹೊಕ್ಕು ನೋಡಿಲ್ಲ.