ಆರನೇ ಸಿಲಿಂಡರಿನ ಪಾಲಿನ ಗಾಳಿ

ನಮ್ಮ ಕಾಲೇಜಿನಲ್ಲಿ ಕಾರಿನ ಹುಚ್ಚು ಇರುವ ಯಾರನ್ನು ಕೇಳಿದರೂ ಟರ್ಬೊ ಎಂದರೆ ಏನೆಂದು ಹೇಳುತ್ತಾರೆ. ಪ್ಲೀನಮ್ ಎಂದರೆ ಏನು ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಅದರಲ್ಲಿ ತಿರುಗುವ ಭಾಗವಿಲ್ಲ, ಶಿಳ್ಳೆ ಹಾಕುವ ಸದ್ದೂ ಇಲ್ಲ. ಎಂಜಿನ್ನಿನ ಪಕ್ಕಕ್ಕೆ ಬೋಲ್ಟ್ ಹಾಕಿ ಕೂರಿಸಿದ ಒಂದು ಅಲ್ಯೂಮಿನಿಯಂ ಪೆಟ್ಟಿಗೆ, ಅಷ್ಟೆ. ಆದರೂ ಜಪಾನ್, ಆಸ್ಟ್ರೇಲಿಯಾಗಳಲ್ಲಿ ಎಂಜಿನ್ ಮಾರ್ಪಡಿಸುವವರು ಕಂಪನಿ ಕೊಟ್ಟ ಪೆಟ್ಟಿಗೆಯನ್ನು ಬಿಚ್ಚಿಟ್ಟು, ದುಬಾರಿ ಹಣ ಕೊಟ್ಟು ಬೇರೆಯದನ್ನು ಹಾಕಿಸುತ್ತಾರೆ.

ಮೊದಲು ಗಾಳಿಯ ದಾರಿ ನೋಡೋಣ. ಟರ್ಬೊ ಗಾಳಿಯನ್ನು ಒತ್ತುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದರಿಂದ ಇಂಟರ್‌ಕೂಲರ್ ಅದನ್ನು ತಣಿಸುತ್ತದೆ. ಅಲ್ಲಿಂದ ಥ್ರಾಟಲ್ ದಾಟಿ ಪ್ಲೀನಮ್ ಒಳಗೆ ಬರುತ್ತದೆ. ಪ್ಲೀನಮ್ಮಿನಿಂದ ಒಂದೊಂದು ಸಿಲಿಂಡರಿಗೆ ಒಂದೊಂದು ಕೊಳವೆ ಹೋಗುತ್ತದೆ. ಅದಕ್ಕೆ ರನ್ನರ್ ಎನ್ನುತ್ತಾರೆ. ಅಂದರೆ ಪ್ಲೀನಮ್ ಗಾಳಿಯ ಗೋದಾಮು, ರನ್ನರ್‌ಗಳು ವಿತರಣೆಯ ದಾರಿಗಳು.

ಉದಾಹರಣೆಗೆ ನಿಸ್ಸಾನ್‌ನ ಆರ್‌ಬಿ25ಡಿಇಟಿ ಎಂಜಿನ್ ತೆಗೆದುಕೊಳ್ಳೋಣ. 1993ರಲ್ಲಿ ಬಂದ ಆರ್33 ಸ್ಕೈಲೈನ್‌ನಲ್ಲಿ ಇದ್ದದ್ದು ಇದೇ. 2.5 ಲೀಟರ್, ಒಂದೇ ಸಾಲಿನಲ್ಲಿ ಆರು ಸಿಲಿಂಡರ್, ಒಂದು ಟರ್ಬೊ. ಈ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ 300 ಸಲ ಯಾವುದಾದರೊಂದು ಸಿಲಿಂಡರ್ ಗಾಳಿ ಎಳೆದುಕೊಳ್ಳುತ್ತದೆ. ಒಟ್ಟು ಸೆಕೆಂಡಿಗೆ ಸುಮಾರು 125 ಲೀಟರ್. ಅದೂ ಟರ್ಬೊ ಒತ್ತಿ ಕಳಿಸಿದ ದಟ್ಟ ಗಾಳಿ. ಈ ಗಾಳಿ ಆರು ಪಾಲಾಗಬೇಕು, ಆರೂ ಸಮವಾಗಬೇಕು. ಕಷ್ಟ ಇರುವುದೇ ಇಲ್ಲಿ.

ಕಂಪನಿಯ ಪ್ಲೀನಮ್ಮಿನಲ್ಲಿ ಥ್ರಾಟಲ್ ಕಾರಿನ ಮುಂಭಾಗಕ್ಕೆ ಮುಖ ಮಾಡಿಲ್ಲ. ಹಾಗಾಗಿ ಗಾಳಿಯ ಪೈಪು ಎಂಜಿನ್ನಿನ ಮೇಲೆ ಅಡ್ಡ ಹಾದು ಬರಬೇಕು. ದೊಡ್ಡ ಇಂಟರ್‌ಕೂಲರನ್ನು ಗ್ರಿಲ್ ಹಿಂದೆ ಕೂರಿಸಿದವರಿಗೆ ಈ ಸುತ್ತುದಾರಿ ಬೇಡ. ಥ್ರಾಟಲ್ ಮುಂದಕ್ಕೆ ನೋಡುವ ಪ್ಲೀನಮ್ ಹಾಕಿದರೆ ಪೈಪು ಗಿಡ್ಡವಾಗುತ್ತದೆ, ತಿರುವು ಕಡಿಮೆಯಾಗುತ್ತದೆ. ಜಪಾನಿನ ಗ್ರೆಡ್ಡಿ, ಆಸ್ಟ್ರೇಲಿಯಾದ ಪ್ಲಾಜ್ಮಾಮ್ಯಾನ್, ಹೈಪರ್‌ಟ್ಯೂನ್ ಇಂಥ ಪ್ಲೀನಮ್ ತಯಾರಿಸಿ ಹೆಸರು ಮಾಡಿವೆ.

ಆದರೆ ಥ್ರಾಟಲ್ ಒಂದು ತುದಿಗೆ ಹೋದ ಕೂಡಲೇ ಹೊಸ ತೊಂದರೆ ಶುರು. ಮಸೀದಿಯ ವುಝೂ ನಲ್ಲಿಗಳ ಸಾಲು ನೆನಪಿಸಿಕೊಳ್ಳಿ. ಜುಮಾ ದಿನ ಎಲ್ಲ ನಲ್ಲಿಗಳೂ ತೆರೆದಿದ್ದರೆ ಕೊನೆಯಲ್ಲಿ ಕುಳಿತವರಿಗೆ ಸಣ್ಣ ಧಾರೆ. ಅಲ್ಲಿ ಪೈಪು ಸಪೂರ, ಉದ್ದ ಜಾಸ್ತಿ. ನೀರು ಗೋಡೆಗೆ ಉಜ್ಜಿಕೊಂಡು ಹೋಗುವಷ್ಟರಲ್ಲಿ ಒತ್ತಡ ಕಳೆದುಕೊಳ್ಳುತ್ತದೆ. ಪ್ಲೀನಮ್ಮಿನಲ್ಲಿ ಸಾಮಾನ್ಯವಾಗಿ ಇದು ಉಲ್ಟಾ. ಪೆಟ್ಟಿಗೆ ಅಗಲ, ಗಿಡ್ಡ, ಉಜ್ಜಾಟ ಕಡಿಮೆ. ರಭಸದಿಂದ ನುಗ್ಗಿದ ಗಾಳಿ ಹತ್ತಿರದ ರನ್ನರ್‌ಗಳ ಬಾಯಿ ದಾಟಿ ನೇರ ಹೋಗಿ ಹಿಂದಿನ ಗೋಡೆಗೆ ಬಡಿಯುತ್ತದೆ. ಅಲ್ಲಿ ವೇಗ ನಿಂತು ಒತ್ತಡವಾಗುತ್ತದೆ. ಹೀಗೆ ಕೊನೆಯ, ಅಂದರೆ ಆರನೇ ಸಿಲಿಂಡರಿಗೆ ಹೆಚ್ಚು ಗಾಳಿ ಸಿಗುತ್ತದೆ.

ಹೆಚ್ಚು ಗಾಳಿ ಸಿಕ್ಕರೆ ಒಳ್ಳೆಯದಲ್ಲವೇ? ಅಲ್ಲ. ಆರು ಇಂಜೆಕ್ಟರ್‌ಗಳೂ ಒಂದೇ ಅಳತೆಯ ಪೆಟ್ರೋಲ್ ಹಾಕುತ್ತವೆ. ಗಾಳಿ ಜಾಸ್ತಿಯಾದ ಸಿಲಿಂಡರಿನಲ್ಲಿ ಪೆಟ್ರೋಲಿನ ಪ್ರಮಾಣ ಕಡಿಮೆಯಾಗುತ್ತದೆ. ಟರ್ಬೊ ಪೂರ್ತಿ ಒತ್ತುತ್ತಿರುವಾಗ ಹೀಗಾದರೆ ಬಿಸಿ ಏರುತ್ತದೆ, ನಾಕಿಂಗ್ ಶುರುವಾಗುತ್ತದೆ. ಮುಂದುವರಿದರೆ ಪಿಸ್ಟನ್ ಒಡೆಯುತ್ತದೆ ಅಥವಾ ಕರಗುತ್ತದೆ.

ಎಂಜಿನ್ನಿನ ಕಂಪ್ಯೂಟರ್ ಇದನ್ನು ಹಿಡಿಯುವುದಿಲ್ಲವೇ ಎಂದರೆ, ಇಲ್ಲಿ ನಮ್ಮ ಸಂಖ್ಯಾಶಾಸ್ತ್ರದ ಪಾಠವೇ ಬರುತ್ತದೆ. ಗಾಳಿ-ಪೆಟ್ರೋಲ್ ಅನುಪಾತ ಅಳೆಯುವ ಸೆನ್ಸರ್ ಸಾಮಾನ್ಯವಾಗಿ ಟರ್ಬೊ ದಾಟಿದ ಮೇಲೆ, ಆರೂ ಸಿಲಿಂಡರಿನ ಹೊಗೆ ಬೆರೆತ ಜಾಗದಲ್ಲಿ ಇರುತ್ತದೆ. ಆರರ ಅನುಪಾತ ಕ್ರಮವಾಗಿ 11.6, 11.7, 11.8, 11.9, 12.0, 13.0 ಎಂದು ಇಟ್ಟುಕೊಳ್ಳಿ. ಸರಾಸರಿ ಸರಿಯಾಗಿ 12. ಸೆನ್ಸರ್ ಹೆಚ್ಚುಕಡಿಮೆ 12 ಎಂದೇ ತೋರಿಸುತ್ತದೆ, ಟ್ಯೂನರ್ ಖುಷಿಯಾಗುತ್ತಾನೆ, ಆರನೇ ಪಿಸ್ಟನ್ ಸಾಯುತ್ತಿರುತ್ತದೆ. ಮಾನಕ ವಿಚಲನೆ ಏಕೆ ಓದಬೇಕು ಎಂದು ಕೇಳುವವರಿಗೆ ನಾನು ಈಗ ಇದೇ ಉತ್ತರ ಕೊಡುತ್ತೇನೆ.

ಒಳ್ಳೆಯ ಪ್ಲೀನಮ್ ಮಾಡುವವರು ಇದಕ್ಕೆ ಕೆಲವು ಉಪಾಯ ಮಾಡುತ್ತಾರೆ. ಪೆಟ್ಟಿಗೆಯನ್ನು ಥ್ರಾಟಲ್ ಕಡೆ ದಪ್ಪ, ಹಿಂದೆ ಸಪೂರ ಮಾಡುವುದು ಒಂದು. ದಾರಿಯಲ್ಲಿ ಗಾಳಿ ಖರ್ಚಾಗುತ್ತ ಹೋದಂತೆ ಜಾಗವೂ ಕಡಿಮೆಯಾಗುತ್ತದೆ, ವೇಗ ಒಂದೇ ಸಮ ಉಳಿಯುತ್ತದೆ. ರನ್ನರಿನ ಬಾಯಿಯನ್ನು ತುತ್ತೂರಿಯಂತೆ ಅಗಲಿಸಿದರೆ ಗಾಳಿ ಚೂಪು ಅಂಚಿಗೆ ತಾಗಿ ಕದಡುವುದಿಲ್ಲ. ನನಗೆ ಹೆಚ್ಚು ಇಷ್ಟವಾದದ್ದು ಎರಡು ಕೋಣೆಯ ವಿಧಾನ. ಗಾಳಿ ಮೊದಲು ಒಂದು ಕೋಣೆಗೆ ಬಂದು, ಉದ್ದಕ್ಕೂ ಇರುವ ಸೀಳಿನ ಮೂಲಕ ಇನ್ನೊಂದಕ್ಕೆ ಇಳಿಯುತ್ತದೆ. ಮೊದಲ ಕೋಣೆಯಲ್ಲೇ ರಭಸ ಮುರಿಯುತ್ತದೆ.

ರನ್ನರ್ ಉದ್ದದ ವಿಷಯ ಸರಳ: ಉದ್ದವಾದರೆ ಕಡಿಮೆ ಸುತ್ತಿನಲ್ಲಿ ಎಳೆತ ಚೆನ್ನಾಗಿರುತ್ತದೆ, ಗಿಡ್ಡವಾದರೆ ಹೆಚ್ಚು ಸುತ್ತಿನಲ್ಲಿ. ಎರಡೂ ಒಟ್ಟಿಗೆ ಸಿಗುವುದಿಲ್ಲ. ದಿನವೂ ಊರೊಳಗೆ ಓಡಿಸುವ ಕಾರಿಗೆ ಗಿಡ್ಡ ರನ್ನರ್ ಹಾಕಿಸುವುದು ನಷ್ಟದ ವ್ಯಾಪಾರ.

ಇನ್ನು ಪೆಟ್ಟಿಗೆಯ ಗಟ್ಟಿತನ. ಒಂದು ಬಾರ್ ಒತ್ತಡ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ಪ್ಲೀನಮ್ಮಿನ ಒಂದು ಗೋಡೆ 40 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ ಇದ್ದರೆ ಅದರ ಮೇಲೆ 400 ಕಿಲೋ ಬಲ ಬೀಳುತ್ತದೆ. ತೆಳು ತಗಡಿನ ಚಪ್ಪಟೆ ಗೋಡೆ ಇದಕ್ಕೆ ಉಬ್ಬುತ್ತದೆ, ವೆಲ್ಡಿಂಗ್ ಬಿರುಕು ಬಿಡುತ್ತದೆ. ಅದಕ್ಕೇ ದುಂಡನೆಯ ಆಕಾರ. ಬೆಸೆಯುವುದು ನಮ್ಮ ವರ್ಕ್‌ಶಾಪ್‌ಗಳಲ್ಲಿ ಆರ್ಗಾನ್ ವೆಲ್ಡಿಂಗ್ ಎನ್ನುವ ವಿಧಾನದಲ್ಲಿ. ಆ ಬಿಸಿಗೆ ಎಂಜಿನ್ನಿಗೆ ಕೂರುವ ದಪ್ಪ ಫ್ಲೇಂಜ್ ಕೂಡ ಸೊಟ್ಟಗಾಗುತ್ತದೆ. ಹಾಗಾಗಿ ಅದನ್ನು ಭಾರವಾದ ಕಬ್ಬಿಣದ ಪ್ಲೇಟಿಗೆ ಬೋಲ್ಟ್ ಹಾಕಿ ಬಿಗಿದು ಬೆಸೆದು, ತಣಿದ ಮೇಲೆ ಮೆಷಿನ್ನಿನಲ್ಲಿ ಸಮ ಮಾಡಿಸಬೇಕು. ಸೊಟ್ಟ ಉಳಿದರೆ ಅಲ್ಲೇ ಗಾಳಿ ಸೋರುತ್ತದೆ.

ನಮ್ಮಲ್ಲಿ ಮಾಡಿಸಬಹುದೇ ಎಂದು ಕೇಳುವ ಗೆಳೆಯರು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿಕೊಳ್ಳಲಿ. ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನ ಬದಲಿಸಬಾರದು ಎಂದು ಅದು ಹೇಳುತ್ತದೆ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಇದಕ್ಕೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡೂ. ತಿಳಿಸದೆ ಬದಲಿಸಿದ ಕಾರು ಅಪಘಾತವಾದರೆ ವಿಮಾ ಕಂಪನಿಯ ಜೊತೆ ತಕರಾರು ಬೇರೆ. ಕೊಯಮತ್ತೂರಿನ ಕರಿ ಟ್ರ್ಯಾಕ್‌ನಂಥ ಮುಚ್ಚಿದ ದಾರಿಯಲ್ಲಿ ಮಾತ್ರ ಓಡುವ ರೇಸ್ ಕಾರಿನ ಲೆಕ್ಕ ಬೇರೆ. ಅದು ಅಲ್ಲಿಗೆ ಹೋಗುವುದೂ ಲಾರಿಯ ಮೇಲೆ.